ತಾನಾಗಿಯೇ ಬಿಸಿಯೇರುವ ದಾಸ್ತಾನು: ಸುರಂಗಮದ್ದಿನ ಶೇಖರಣೆಯೂ ಭೂಮಾಲಿಕರ ಹೊಣೆಯೂ

ಹುಲ್ಲನ್ನಾಗಲಿ ಜೋಳದ ಕಣಿಕೆಯನ್ನಾಗಲಿ ಹಸಿಯಾಗಿದ್ದಾಗಲೇ ಒಟ್ಟಿ ಬಣವೆ ಮಾಡಿದರೆ, ಅದು ಒಳಗೊಳಗೇ ಕಾದು, ಕೆಲವು ವಾರಗಳ ತರುವಾಯ ಹೊರಗಿನಿಂದ ಕಿಡಿಯೊಂದೂ ತಾಗದಿದ್ದರೂ ಹೊತ್ತಿಕೊಳ್ಳುವುದುಂಟೆಂಬುದು ಹಳೆಯ ಒಕ್ಕಲುತನದ ಮನೆಗಳಿಗೆ ತಿಳಿಯದ ಸಂಗತಿಯಲ್ಲ. ಅಂಥ ಬಣವೆಯ ಮೇಲೆ ಸಂಶಯ ಬಂದಾಗ ಅನುಭವಸ್ಥನಾದ ರೈತನು ಉದ್ದನೆಯ ಕಬ್ಬಿಣದ ಸಲಾಕೆಯೊಂದನ್ನು ಅದರ ಒಡಲಿಗೆ ತೂರಿಸಿ, ಸ್ವಲ್ಪ ಹೊತ್ತು ಹಾಗೆಯೇ ಬಿಟ್ಟು, ಹೊರಕ್ಕೆಳೆದು ಅಂಗೈಯಲ್ಲಿ ಹಿಡಿದು ನೋಡುತ್ತಾನೆ. ಹಿಡಿಯಲು ಬಂದರೆ ಮನೆಗೆ ಹೋಗಿ ಮಲಗುತ್ತಾನೆ. ಕೈ ಸುಟ್ಟರೆ ನೆರೆಹೊರೆಯವರನ್ನು ಕೂಗುತ್ತಾನೆ. ಈ ಸಲಾಕೆಯ ಪರೀಕ್ಷೆಯನ್ನೇ ಸಿಡಿಮದ್ದುಗಳ ವಿಷಯದಲ್ಲಿ ಬೇರೆ ಸಲಕರಣೆಗಳಿಂದ ಮಾಡುತ್ತಾರೆ. ಅದಕ್ಕೆ ಉಷ್ಣಸ್ಥೈರ್ಯ ಪರೀಕ್ಷೆಯೆಂದು ಹೆಸರು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಪ್ರಾಂತಗಳ ಗ್ರಾಮಮುಖಂಡರೂ ಭೂಮಾಲಿಕರೂ ತಮ್ಮ ಬಣವೆಯ ಬಗ್ಗೆ ತೋರಿಸುವಷ್ಟೇ ಎಚ್ಚರವನ್ನು ತಮ್ಮ ಹೊಲದ ಅಂಚಿನ ಕೊಟ್ಟಿಗೆಯಲ್ಲಿ ಪರರು ತಂದಿಡುವ ಮದ್ದಿನ ಪೆಟ್ಟಿಗೆಗಳ ಬಗ್ಗೆಯೂ ತೋರಿಸಬೇಕೆಂಬುದೇ ಈ ಲೇಖನದ ಅಭಿಪ್ರಾಯ.

ಬಣವೆ ಕಾಯುವ ಕ್ರಮವನ್ನು ಮೊದಲು ಸ್ಪಷ್ಟಪಡಿಸಿಕೊಳ್ಳುವುದು ಉಚಿತ. ಕೊಯ್ದ ಹುಲ್ಲಿನಲ್ಲಿ ನೂರಕ್ಕೆ ಇಪ್ಪತ್ತಕ್ಕಿಂತ ಹೆಚ್ಚು ತೇವ ಉಳಿದಿದ್ದರೆ ಅದರಲ್ಲಿ ಸೂಕ್ಷ್ಮಜೀವಿಗಳೂ ಬೂಷ್ಟೂ ಬೆಳೆಯುತ್ತವೆ. ಅವುಗಳ ಉಸಿರಾಟದಿಂದ ಹುಟ್ಟುವ ಶಾಖವು ಬಣವೆಯ ಒಡಲನ್ನು ಸುಮಾರು 60 - 70 ಡಿಗ್ರಿ ಸೆಂಟಿಗ್ರೇಡಿನವರೆಗೆ ಏರಿಸುತ್ತದೆ. ಆ ಕಾವಿನಲ್ಲಿ ಜೀವಿಗಳು ಸಾಯುತ್ತವೆ. ಆದರೆ ಕಾವು ಇಳಿಯುವುದಿಲ್ಲ. ಅಷ್ಟರಲ್ಲಿ ಹುಲ್ಲು ಗಾಳಿಯೊಡನೆ ತಾನೇ ರಾಸಾಯನಿಕವಾಗಿ ಕೂಡಿಕೊಳ್ಳಲು ತೊಡಗಿರುತ್ತದೆ, ಮತ್ತು ಈ ಕ್ರಿಯೆಯು ಬಿಸಿ ಹೆಚ್ಚಿದಷ್ಟೂ ವೇಗವನ್ನು ಹೆಚ್ಚಿಸಿಕೊಳ್ಳುವ ಸ್ವಭಾವದ್ದು. 65 ಡಿಗ್ರಿ ಮುಟ್ಟಿದ ಬಣವೆಯನ್ನು ದಿನವೂ ನೋಡುತ್ತಿರಬೇಕು. 80 ದಾಟಿದರೆ ಅಪಾಯವು ಬಾಗಿಲಿಗೆ ಬಂದಂತೆ. ಕಾದ ಬಣವೆಯನ್ನು ಆತುರದಿಂದ ಕಿತ್ತು ಬಿಚ್ಚುವುದು ಇನ್ನೂ ಕೆಟ್ಟದ್ದು, ಏಕೆಂದರೆ ಒಳಗಿನ ಕೆಂಡಕ್ಕೆ ಗಾಳಿ ದೊರೆತೊಡನೆ ಜ್ವಾಲೆಯೇಳುತ್ತದೆ.

ರಾಶಿಯ ಗಾತ್ರವೂ ಇಲ್ಲಿ ಗಮನಿಸತಕ್ಕದ್ದು. ಶಾಖವು ಹುಟ್ಟುವುದು ರಾಶಿಯ ಒಡಲೆಲ್ಲದರಲ್ಲಿ. ಅದು ಹೊರಬೀಳುವುದು ಮೈಯಿಂದ ಮಾತ್ರ. ಒಂದು ಗಜ ಉದ್ದಗಲ ಎತ್ತರದ ರಾಶಿಯನ್ನು ಎರಡು ಗಜಕ್ಕೆ ಬೆಳೆಸಿದರೆ ಅದರ ಒಡಲು ಎಂಟು ಪಟ್ಟಾಗುತ್ತದೆ, ಮೈ ನಾಲ್ಕು ಪಟ್ಟು ಮಾತ್ರ ಆಗುತ್ತದೆ. ಆದಕಾರಣ ಚಿಕ್ಕ ಹೊರೆಯಾಗಿದ್ದಾಗ ನಿರುಪದ್ರವಿಯಾಗಿದ್ದ ಪದಾರ್ಥವೇ ದೊಡ್ಡ ರಾಶಿಯಾದಾಗ ಉರಿಯಬಲ್ಲದು. “ಒಂದು ಚೀಲ ಇಟ್ಟಾಗ ಏನೂ ಆಗಲಿಲ್ಲ, ನೂರು ಚೀಲ ಇಟ್ಟರೆ ಏನಾದೀತು” ಎಂಬ ಮಾತು ಲೆಕ್ಕಕ್ಕೆ ನಿಲ್ಲುವಂಥದಲ್ಲ.

ಈ ಪ್ರಾಂತದ ಬೆಳೆಗಳಲ್ಲಿಯೇ ಇದಕ್ಕೆ ಮತ್ತೊಂದು ನಿದರ್ಶನವಿದೆ. ಕುಸುಬೆ, ಅಗಸೆ ಇವುಗಳ ಎಣ್ಣೆ ಗಾಳಿಗೆ ಒಣಗುವ ಜಾತಿಯದು. ಒಣಗುವುದೆಂದರೆ ಗಾಳಿಯ ಆಮ್ಲಜನಕದೊಡನೆ ಕೂಡಿಕೊಳ್ಳುವುದೇ. ಅದರಿಂದ ಶಾಖವು ಹುಟ್ಟಲೇಬೇಕು. ಎಣ್ಣೆ ಒರೆಸಿದ ಬಟ್ಟೆಯನ್ನು ಹಗ್ಗದ ಮೇಲೆ ಹರವಿದರೆ ಆ ಶಾಖವು ಗಾಳಿಗೆ ಹೋಗುತ್ತದೆ. ಅದೇ ಬಟ್ಟೆಗಳನ್ನು ಮುದ್ದೆಮಾಡಿ ಮೂಲೆಗೆ ಎಸೆದರೆ ಒಂದೇ ರಾತ್ರಿಯಲ್ಲಿ ಹೊಗೆಯಾಡಬಹುದು. ಸುಟ್ಟ ಸುಣ್ಣದ ಕಲ್ಲಿಗೆ ನೀರು ತಾಗಿದರೆ ಕುದಿಯುವುದನ್ನು ಶಹಾಬಾದದ ಕಡೆಯವರಿಗೆ ಹೇಳಿಕೊಡಬೇಕಾದುದಿಲ್ಲ. ಇವೆಲ್ಲವುಗಳಲ್ಲಿ ಬೆಂಕಿಯನ್ನು ತಂದವನು ಯಾವನೂ ಇಲ್ಲ. ಹಾಗಿದ್ದರೂ ಅಗ್ನಿಯ ಸುದ್ದಿ ಬಂದೊಡನೆ ಗ್ರಾಮದಲ್ಲಿ ಮೊದಲು ಹುಡುಕುವುದು ಬೀಡಿ ಸೇದಿದವನನ್ನು, ಅನಂತರ ಹಗೆಯವನನ್ನು. ಎಷ್ಟೋ ವ್ಯಾಜ್ಯಗಳು ಹೀಗೆಯೇ ಹುಟ್ಟಿವೆ.

ಇನ್ನು ಸಿಡಿಮದ್ದುಗಳ ವಿಷಯ. ಹುಲ್ಲು ಉರಿಯಲು ಹೊರಗಿನ ಗಾಳಿ ಬೇಕು. ಸಿಡಿಮದ್ದಾದರೋ ತನಗೆ ಬೇಕಾದ ಆಮ್ಲಜನಕವನ್ನು ತನ್ನೊಳಗೇ ಹೊತ್ತುಕೊಂಡಿರುವ ಪದಾರ್ಥ. ಅಂಥ ಪದಾರ್ಥಗಳಲ್ಲಿ ಹಲವು ಸುಮ್ಮನೆ ಪೆಟ್ಟಿಗೆಯಲ್ಲಿದ್ದಾಗಲೂ ಅತಿ ಮಂದವಾಗಿ ವಿಘಟನೆ ಹೊಂದುತ್ತಿರುತ್ತವೆ. ಮಂದವಾಗಿದ್ದಷ್ಟು ಕಾಲ ಬಾಧೆಯಿಲ್ಲ. ಆದರೆ ಸಾಮಾನ್ಯವಾಗಿ ಪ್ರತಿ ಹತ್ತು ಡಿಗ್ರಿ ಉಷ್ಣಕ್ಕೂ ಇಂಥ ಕ್ರಿಯೆಯ ವೇಗವು ಎರಡರಿಂದ ನಾಲ್ಕು ಪಟ್ಟು ಹೆಚ್ಚುವುದರಿಂದ, ಶಾಖವು ಹೊರಬೀಳುವುದಕ್ಕಿಂತ ಬೇಗ ಹುಟ್ಟತೊಡಗುವ ಒಂದು ಗಡಿಯು ಪ್ರತಿಯೊಂದಕ್ಕೂ ಇರುತ್ತದೆ. ಆ ಗಡಿ ದಾಟಿದ ಮೇಲೆ ಮನುಷ್ಯನ ಕೈಯಲ್ಲಿ ಏನೂ ಉಳಿಯುವುದಿಲ್ಲ.

ಈ ಜ್ಞಾನವು ಸುಲಭದಲ್ಲಿ ಬಂದುದಲ್ಲ. ಹತ್ತಿಯನ್ನು ನೈಟ್ರಿಕ್ ಮತ್ತು ಗಂಧಕದ ಆಮ್ಲಗಳಲ್ಲಿ ಅದ್ದಿ ಸಿಡಿಹತ್ತಿಯನ್ನು ತಯಾರಿಸುವ ಕ್ರಮವು 1846ರಲ್ಲಿ ಪ್ರಕಟವಾಯಿತು. ಮರುವರ್ಷವೇ, 1847ರ ಜುಲೈ ತಿಂಗಳಲ್ಲಿ, ಇಂಗ್ಲೆಂಡಿನ ಫೇವರ್‌ಶಾಮ್ ಎಂಬಲ್ಲಿದ್ದ ಅದರ ಕಾರ್ಖಾನೆಯು ಕೆಲಸಗಾರರ ಸಮೇತ ಸಿಡಿದುಹೋಯಿತು. ಹತ್ತಿಯಲ್ಲಿ ಉಳಿದುಹೋದ ಆಮ್ಲದ ಲೇಶವೇ ಅದನ್ನು ಒಳಗಿನಿಂದ ಕೆಡಿಸುತ್ತದೆಂಬುದನ್ನು ಮುಂದೆ ಫ್ರೆಡರಿಕ್ ಏಬಲ್ ಎಂಬ ರಸಾಯನಶಾಸ್ತ್ರಜ್ಞನು ಕಂಡುಕೊಂಡು, ಹತ್ತಿಯನ್ನು ನುಣ್ಣಗೆ ಅರೆದು ತೊಳೆಯುವ ಕ್ರಮವನ್ನು ತಂದನು. ಅವನ ಹೆಸರಿನ ಶಾಖಪರೀಕ್ಷೆಯು ಸರಳವಾದುದು. ಮದ್ದಿನ ಚಿಟಿಕೆಯೊಂದನ್ನು ಗಾಜಿನ ನಳಿಕೆಯಲ್ಲಿಟ್ಟು, ಸುಮಾರು 70 ರಿಂದ 77 ಡಿಗ್ರಿಯ ಬಿಸಿನೀರಿನಲ್ಲಿ ನಳಿಕೆಯನ್ನು ಇಳಿಬಿಟ್ಟು, ಅದರ ಮೇಲ್ಭಾಗದಲ್ಲಿ ಗಂಜಿಯನ್ನೂ ಪೊಟ್ಯಾಸಿಯಂ ಅಯೋಡೈಡನ್ನೂ ಸವರಿದ ಕಾಗದದ ಚೂರೊಂದನ್ನು ತೂಗಿಬಿಡುವುದು. ಮದ್ದು ಕೆಟ್ಟಿದ್ದರೆ ಅದರಿಂದ ಏಳುವ ಆವಿಯು ಕಾಗದದ ಮೇಲೆ ಕಂದುಬಣ್ಣದ ಗೆರೆಯೊಂದನ್ನು ಎಳೆಯುತ್ತದೆ. ಆ ಗೆರೆ ಎಷ್ಟು ನಿಮಿಷಕ್ಕೆ ಕಾಣಿಸಿತೆಂಬುದೇ ತೀರ್ಪು.

ಪರೀಕ್ಷೆಯು ಹೊಸ ಮದ್ದಿಗೊಮ್ಮೆ ಮಾಡಿ ಮುಗಿಸತಕ್ಕದ್ದಲ್ಲವೆಂಬುದನ್ನು ಫ್ರಾನ್ಸ್ ದೇಶವು ಹೆಚ್ಚಿನ ಬೆಲೆ ತೆತ್ತು ಕಲಿಯಿತು. ಅಲ್ಲಿಯ ತೂಲೋನ್ ಬಂದರಿನಲ್ಲಿ 1907ರ ಮಾರ್ಚ್ 12 ರಂದು ‘ಇಯೆನಾ’ ಎಂಬ ಯುದ್ಧನೌಕೆಯೂ, 1911ರ ಸೆಪ್ಟೆಂಬರ್ 25 ರಂದು ‘ಲಿಬೆರ್ತೆ’ ಎಂಬ ಮತ್ತೊಂದೂ, ಯಾವ ಶತ್ರುವಿನ ಗುಂಡೂ ಬೀಳದೆ, ತಮ್ಮ ಉಗ್ರಾಣದಲ್ಲಿ ಹಳತಾಗಿ ಕೆಟ್ಟುಹೋಗಿದ್ದ ಹೊಗೆರಹಿತ ಮದ್ದಿನಿಂದಲೇ ನಾಶವಾದವು. ತರುವಾಯದ ಕಾಲದಲ್ಲಿ ಇಂಥ ಮದ್ದಿಗೆ ಡೈಫಿನೈಲಮೀನ್ ಮೊದಲಾದ ಸ್ಥೈರ್ಯಕಾರಿಗಳನ್ನು ಬೆರೆಸುವುದು ರೂಢಿಯಾಯಿತು. ವಿಘಟನೆಯಿಂದ ಏಳುವ ವಿಷಾನಿಲವನ್ನು ಇವು ಹೀರಿಕೊಳ್ಳುತ್ತವೆ. ಆದರೆ ಹೀರಿ ಹೀರಿ ಇವೂ ಒಂದು ದಿನ ಮುಗಿದುಹೋಗುತ್ತವೆ. ಆದುದರಿಂದಲೇ ದಾಸ್ತಾನಿನಲ್ಲಿರುವ ಮದ್ದನ್ನು ಕಾಲಕಾಲಕ್ಕೆ ಮತ್ತೆ ಪರೀಕ್ಷಿಸಿ, ಸ್ಥೈರ್ಯಕಾರಿಯು ಇಳಿದುಹೋದುದನ್ನು ಬೇರ್ಪಡಿಸಿ ನಾಶಪಡಿಸಬೇಕಾಗುತ್ತದೆ.

ಈಗಿನ ಕಾಲದ ಅಂತರರಾಷ್ಟ್ರೀಯ ನಿಯಮದಲ್ಲಿ ಸಾಗಾಣಿಕೆಗೆ ಬರುವ ಸಿಡಿಮದ್ದನ್ನು 75 ಡಿಗ್ರಿ ಉಷ್ಣದಲ್ಲಿ 48 ಗಂಟೆಗಳ ಕಾಲ ಇಟ್ಟು ನೋಡುವ ಪರೀಕ್ಷೆಯುಂಟು. ಅಷ್ಟರಲ್ಲಿ ಅದು ಉರಿದರೆ ಅಥವಾ ಸಿಡಿದರೆ ಅದು ಸಾಗಿಸಲು ಯೋಗ್ಯವಲ್ಲದ್ದೆಂದು ತಳ್ಳಲ್ಪಡುತ್ತದೆ. ತಾನಾಗಿ ವಿಘಟಿಸುವ ಇತರ ರಾಸಾಯನಿಕಗಳಿಗಾದರೋ, ಪೊಟ್ಟಣವು ಒಂದು ವಾರದೊಳಗೆ ತನ್ನಷ್ಟಕ್ಕೆ ವೇಗೋತ್ಕರ್ಷ ಹೊಂದುವ ಅತ್ಯಂತ ಕಡಮೆಯ ಉಷ್ಣಮಾನ ಯಾವುದೆಂದು ಗೊತ್ತುಮಾಡುತ್ತಾರೆ. ಪೊಟ್ಟಣ ದೊಡ್ಡದಾದಷ್ಟೂ ಈ ಉಷ್ಣಮಾನವು ಇಳಿಯುತ್ತದೆ. ಬಣವೆಯ ಲೆಕ್ಕವೇ ಇಲ್ಲಿಯೂ. ಇವೆಲ್ಲ ಬೆಲೆಯುಳ್ಳ ಪರೀಕ್ಷೆಗಳೇ. ಆದರೆ ಒಂದು ಮಾತನ್ನು ಮರೆಯಬಾರದು. ಎರಡು ದಿನದ ಪರೀಕ್ಷೆಯಲ್ಲಿ ತೇರ್ಗಡೆಯಾದುದು ಕಾರ್ಖಾನೆಯಿಂದ ಆಗತಾನೆ ಬಂದ, ಶುದ್ಧವಾದ, ಮುಚ್ಚಿದ ಪೊಟ್ಟಣ. ತಗಡಿನ ಸೂರಿನ ಕೆಳಗೆ ಎರಡು ಬೇಸಿಗೆ ಕಳೆದು, ಬಾಯಿ ಬಿಚ್ಚಿಕೊಂಡು, ಡೀಸೆಲಿನ ಡಬ್ಬಿಯ ಪಕ್ಕದಲ್ಲಿ ಬಿದ್ದಿರುವ ಪೊಟ್ಟಣಕ್ಕೆ ಆ ಪ್ರಮಾಣಪತ್ರವು ಸಲ್ಲುವುದಿಲ್ಲ. ಕಾಗದದ ಮೇಲಿನ ಮೊಹರು ನೋಡಿ ಸಮಾಧಾನಪಡುವ ಅಧಿಕಾರಿಗಳೂ ಇದನ್ನು ಗಮನಿಸಿದರೆ ಒಳ್ಳೆಯದು.

ಈ ಪ್ರಾಂತಕ್ಕೆ ಇದರ ಸಂಬಂಧವೇನೆಂದು ಕೆಲವರು ಕೇಳಬಹುದು. ಶಹಾಬಾದದ ಫರ್ಸಿಕಲ್ಲು ಪದರುಪದರಾಗಿರುವುದರಿಂದ ಹಾರೆ, ಉಳಿ, ಸುತ್ತಿಗೆಗಳಿಂದಲೇ ಏಳುತ್ತದೆ. ಅದಕ್ಕೆ ಮದ್ದು ಹೊಡೆದರೆ ಹಾಸುಗಲ್ಲು ಒಡೆದು ಚೂರಾಗುವುದರಿಂದ ನಷ್ಟವೇ ಹೊರತು ಲಾಭವಿಲ್ಲ. ಆದರೆ ವಾಡಿ, ಶಹಾಬಾದ, ಸೇಡಂ ತಾಲ್ಲೂಕಿನ ಮಳಖೇಡ ಮೊದಲಾದೆಡೆಗಳ ಸಿಮೆಂಟಿನ ಕೆಲಸಕ್ಕೆ ಬೇಕಾಗುವ ಸುಣ್ಣಕಲ್ಲನ್ನು ಬೃಹತ್ಪ್ರಮಾಣದಲ್ಲಿ ಸಡಿಲಿಸಬೇಕಾದರೆ ಸುರಂಗಮದ್ದು ಬೇಕು. ಜಲ್ಲಿ ಕ್ರಷರುಗಳಿಗೂ ಬೇಕು. ಚಿಂಚೋಳಿಯ ಕಡೆಯ ಕರಿಕಲ್ಲಿನ ನೆಲದಲ್ಲಿ ಬಾವಿಯನ್ನು ಇಳಿಸುವ ರೈತನಿಗೂ ಬೇಕು. ದೊಡ್ಡ ಗಣಿಗಳಿಗೆ ಪರವಾನಿಗೆಯುಳ್ಳ ಮದ್ದಿನ ಮನೆಗಳೂ, ಮದ್ದನ್ನು ಬಲ್ಲ ನೌಕರರೂ ಇರುತ್ತಾರೆ. ಅಪಾಯವು ಹೆಚ್ಚಾಗಿ ಅಡಗಿರುವುದು ಅಲ್ಲಲ್ಲ. ಚಿಕ್ಕ ಗುತ್ತಿಗೆದಾರನು ಉಳಿದ ಪೆಟ್ಟಿಗೆಗಳನ್ನು ದಿನವೂ ಮದ್ದಿನ ಮನೆಗೆ ಮರಳಿಸುವ ಖರ್ಚನ್ನು ಉಳಿಸಲು ಊರಿನ ಯಾರದೋ ಕೊಟ್ಟಿಗೆಯನ್ನು ಬಾಡಿಗೆಗೆ ಹಿಡಿಯುವಲ್ಲಿ ಅದು ಅಡಗಿದೆ; ಬಾವಿ ಮುಗಿದ ಮೇಲೆ ಮಿಕ್ಕ ಹತ್ತಾರು ಕಡ್ಡಿಗಳನ್ನೂ ನಾಲ್ಕಾರು ಕೇಪುಗಳನ್ನೂ “ಮುಂದೆ ಬೇಕಾದೀತು” ಎಂದು ಅಟ್ಟದ ಮೇಲೆ ಇಡುವಲ್ಲಿ ಅಡಗಿದೆ.

ಊರಿನವರು ಈ ಕಡ್ಡಿಗಳನ್ನು ಈಗಲೂ ಜಿಲೆಟಿನ್ ಎಂದೇ ಕರೆಯುತ್ತಾರೆ. ನೈಟ್ರೋಗ್ಲಿಸರೀನನ್ನು ಬೆರೆಸಿ ಮಾಡುತ್ತಿದ್ದ ಹಳೆಯ ಜಿಲೆಟಿನ್ ಮದ್ದಿನ ಬಳಕೆಯು ಈ ದೇಶದಲ್ಲಿ ನಿಂತುಹೋಗಿದೆ; ಈಗ ಬರುವವು ಹೆಚ್ಚಾಗಿ ಅಮೋನಿಯಂ ನೈಟ್ರೇಟನ್ನು ನೀರಿನೊಡನೆಯೂ ಎಣ್ಣೆಯೊಡನೆಯೂ ಕೂಡಿಸಿ ಮಾಡಿದ ಅಂಬಲಿಯಂಥ ಮದ್ದುಗಳು. ಇವು ಹಳೆಯವಕ್ಕಿಂತ ಸೌಮ್ಯವಾದುವೆಂಬುದು ನಿಜ. ಆದರೆ ಸೌಮ್ಯವೆಂಬ ಮಾತು ಕೇಪುಗಳಿಗೆ ಅನ್ವಯಿಸುವುದಿಲ್ಲ. ಅವು ಬೆಂಕಿಗೂ ಪೆಟ್ಟಿಗೂ ತಕ್ಷಣ ಸಿಡಿಯುತ್ತವೆ. ಕೇಪನ್ನೂ ಕಡ್ಡಿಯನ್ನೂ ಒಂದೇ ಡಬ್ಬಿಯಲ್ಲಿಡುವುದು ಮದ್ದಿನ ಮನೆಯಲ್ಲಿಯೂ ನಿಷಿದ್ಧ. ಅಟ್ಟದ ಮೇಲಿನ ಡಬ್ಬಿಯಲ್ಲಿ ಎರಡೂ ಒಟ್ಟಿಗೇ ಇರುವುದು ಸಾಮಾನ್ಯ.

ಅಮೋನಿಯಂ ನೈಟ್ರೇಟಿನ ಸ್ವಭಾವವನ್ನು ಭೂಮಾಲಿಕರು ಸ್ವಲ್ಪ ವಿಸ್ತಾರವಾಗಿಯೇ ತಿಳಿದುಕೊಳ್ಳಬೇಕು, ಏಕೆಂದರೆ ಅದು ಗೊಬ್ಬರವಾಗಿಯೂ ಮದ್ದಾಗಿಯೂ ಎರಡು ವೇಷಗಳನ್ನು ಧರಿಸುತ್ತದೆ. ನೋಡಲು ಬಿಳಿಯ ಹರಳು. ನೀರಿನಲ್ಲಿ ಬೇಗ ಕರಗುತ್ತದೆ. ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಸುಮಾರು 170 ಡಿಗ್ರಿಯಲ್ಲಿ ಕರಗಿ, 210 ಡಿಗ್ರಿಯ ಸುಮಾರಿಗೆ ರಭಸದಿಂದ ವಿಘಟಿಸುತ್ತದೆ. ಶುದ್ಧವಾಗಿದ್ದು ತಂಪಾಗಿದ್ದರೆ ಅದು ವರ್ಷಗಳ ಕಾಲ ಸುಮ್ಮನಿರಬಲ್ಲದು. ಎಣ್ಣೆ, ಹೊಟ್ಟು, ಗಂಧಕ, ಉಪ್ಪು, ಆಮ್ಲ, ತಾಮ್ರದ ಅಥವಾ ಸತುವಿನ ಚೂರು ಇವು ಸೇರಿದರೆ ವಿಘಟನೆಯು ಇನ್ನೂ ಕಡಮೆಯ ಉಷ್ಣದಲ್ಲಿಯೇ ಆರಂಭವಾಗುತ್ತದೆ. ರೈತನ ಕೊಟ್ಟಿಗೆಯಲ್ಲಿ ಇವುಗಳಲ್ಲಿ ಯಾವುದು ಇರುವುದಿಲ್ಲ?

ಇನ್ನೊಂದು ಗುಣವು ಈ ಪ್ರಾಂತದ ಹವೆಗೆ ವಿಶೇಷವಾಗಿ ಸಂಬಂಧಿಸಿದುದು. 32 ಡಿಗ್ರಿಯನ್ನು ದಾಟಿದಾಗಲೆಲ್ಲ ಅಮೋನಿಯಂ ನೈಟ್ರೇಟಿನ ಹರಳು ತನ್ನ ಒಳರಚನೆಯನ್ನು ಬದಲಾಯಿಸಿಕೊಂಡು ಹಿಗ್ಗುತ್ತದೆ. ತಂಪಾದಾಗ ಮತ್ತೆ ಕುಗ್ಗುತ್ತದೆ. ಕಲಬುರ್ಗಿ ಸೀಮೆಯ ಬೇಸಿಗೆಯಲ್ಲಿ ನೆರಳಿನ ಉಷ್ಣಮಾನವು 42 - 43 ಡಿಗ್ರಿ ಮುಟ್ಟುವುದು ಅಪರೂಪವಲ್ಲ. ಬೆಳಗಿನ ಜಾವಕ್ಕೆ ಅದೇ 32 ಕ್ಕಿಂತ ಕೆಳಗಿಳಿಯುತ್ತದೆ. ಎಂದಮೇಲೆ ತಗಡಿನ ಕೊಟ್ಟಿಗೆಯಲ್ಲಿಟ್ಟ ಚೀಲವು ಬೇಸಿಗೆಯ ಬಹುತೇಕ ದಿನಗಳಲ್ಲಿ ಈ ಗೆರೆಯನ್ನು ಹಗಲೊಮ್ಮೆ ರಾತ್ರಿಯೊಮ್ಮೆ ದಾಟುತ್ತಿರುತ್ತದೆ. ಹೀಗೆ ದಾಟಿ ದಾಟಿ ಗುಂಡುಹರಳುಗಳು ಒಡೆದು ಹುಡಿಯಾಗುತ್ತವೆ, ಹುಡಿಯು ಮಳೆಗಾಲದ ತೇವ ಹಿಡಿದು ಕಲ್ಲಿನಂತೆ ಗಟ್ಟಿಯಾಗುತ್ತದೆ. ತಂಪಿನ ದೇಶದ ಉಗ್ರಾಣಕ್ಕಾಗಿ ಬರೆದ ಬಾಳಿಕೆಯ ಅವಧಿಯನ್ನು ಚಿತ್ತಾಪುರದ ಬಿಸಿಲಿನಲ್ಲಿ ಹಾಗೆಯೇ ನಂಬಲಾಗದು.

ಹೀಗೆ ಗಟ್ಟಿಯಾದುದನ್ನು ಒಡೆಯಲು ಹೋಗಿಯೇ ಜಗತ್ತಿನ ಮಹಾ ಅನಾಹುತಗಳಲ್ಲೊಂದು ನಡೆಯಿತು. ಜರ್ಮನಿಯ ಓಪ್ಪಾವ್ ಎಂಬಲ್ಲಿಯ ಗೊಬ್ಬರದ ಕಾರ್ಖಾನೆಯಲ್ಲಿ ಅಮೋನಿಯಂ ನೈಟ್ರೇಟ್ ಮತ್ತು ಅಮೋನಿಯಂ ಸಲ್ಫೇಟುಗಳ ಮಿಶ್ರಣದ ಸುಮಾರು 4,500 ಟನ್ ರಾಶಿಯು ಹೆಪ್ಪುಗಟ್ಟಿತ್ತು. ಅದನ್ನು ಸಡಿಲಿಸಲು ಸಣ್ಣ ಸಣ್ಣ ಮದ್ದುಗಳನ್ನು ಹೊಡೆಯುವುದು ಅಲ್ಲಿಯ ಪದ್ಧತಿಯಾಗಿತ್ತು. ಸಾವಿರಾರು ಸಲ ಹಾಗೆ ಹೊಡೆದಿದ್ದರು, ಏನೂ ಆಗಿರಲಿಲ್ಲ. 1921ರ ಸೆಪ್ಟೆಂಬರ್ 21 ರ ಬೆಳಿಗ್ಗೆ ರಾಶಿಯೇ ಸಿಡಿದು 500 ಕ್ಕೂ ಹೆಚ್ಚು ಜನರು ಸತ್ತರು. ಇಲ್ಲಿ ಕಾರಣವು ಶಾಖವಲ್ಲ, ಮದ್ದಿನ ಪೆಟ್ಟು. ಆದರೂ “ಇದುವರೆಗೆ ಏನೂ ಆಗಿಲ್ಲ” ಎಂಬ ವಾದದ ಬೆಲೆ ಎಷ್ಟೆಂಬುದನ್ನು ತೋರಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ದೊರೆಯದು.

ಶಾಖದ ಕಾರಣದಿಂದಲೇ ನಡೆದವುಗಳೂ ಕಡಮೆಯಿಲ್ಲ. ಚೀನಾದೇಶದ ತ್ಯೆನ್‌ಜಿನ್ ಬಂದರಿನ ಉಗ್ರಾಣದಲ್ಲಿ 2015ರ ಆಗಸ್ಟ್ 12 ರಂದು ನಡೆದ ಅಗ್ನಿಯು ಮೇಲೆ ಹೇಳಿದ ಸಿಡಿಹತ್ತಿಯ ಜಾತಿಗೆ ಸೇರಿದ ನೈಟ್ರೋಸೆಲ್ಯುಲೋಸಿನಿಂದ ಆರಂಭವಾಯಿತು. ಅದನ್ನು ಸದಾ ಒದ್ದೆಯಾಗಿಡಬೇಕು. ಬಿಸಿಲಿನಲ್ಲಿ ಅದರ ತೇವವು ಆರಿಹೋಗಿ, ಅದು ತಾನಾಗಿಯೇ ಕಾದು ಹೊತ್ತಿಕೊಂಡಿತೆಂದು ತನಿಖೆಯು ನಿರ್ಣಯಿಸಿತು. ಬೆಂಕಿಯು ಪಕ್ಕದಲ್ಲಿದ್ದ ನೂರಾರು ಟನ್ ಅಮೋನಿಯಂ ನೈಟ್ರೇಟನ್ನು ಮುಟ್ಟಿತು. ಸತ್ತವರೂ ಸಿಕ್ಕದೆ ಹೋದವರೂ ಸೇರಿ 173 ಮಂದಿ. ಅವರಲ್ಲಿ ಬೆಂಕಿ ನಂದಿಸಲು ಬಂದವರೇ ಹೆಚ್ಚು. ಲೆಬನಾನಿನ ಬೈರೂತಿನಲ್ಲಿ 2020ರ ಆಗಸ್ಟ್ 4 ರಂದು ಸಿಡಿದ 2,750 ಟನ್ ಅಮೋನಿಯಂ ನೈಟ್ರೇಟಾದರೋ ವಾರಸುದಾರರಿಲ್ಲದೆ ಆರು ವರ್ಷಗಳಿಂದ ಉಗ್ರಾಣದಲ್ಲಿ ಬಿದ್ದಿದ್ದ ಮಾಲು. ಕಾಗದಪತ್ರಗಳು ಒಂದು ಕಚೇರಿಯಿಂದ ಇನ್ನೊಂದಕ್ಕೆ ಹೋಗುತ್ತಲೇ ಇದ್ದವು. ಮುಂಬಯಿಯ ಬಂದರಿನಲ್ಲಿ 1944ರ ಏಪ್ರಿಲ್ 14 ರಂದು ಸಿಡಿದ ‘ಫೋರ್ಟ್ ಸ್ಟಿಕೀನ್’ ಹಡಗಿನ ಒಡಲಿನಲ್ಲಿ ಹತ್ತಿಯ ಅಂಡಿಗೆಗಳನ್ನೂ ಸಿಡಿಮದ್ದನ್ನೂ ಒಟ್ಟಿಗೆ ತುಂಬಿದ್ದರು. ಬೆಂಕಿ ಕಾಣಿಸಿಕೊಂಡದ್ದು ಹತ್ತಿಯಲ್ಲಿ. ನಗರದ ಒಂದು ಭಾಗವನ್ನು ಕೆಡವಿದ್ದು ಮದ್ದು. ಹತ್ತಿಯನ್ನೂ ಕಣಿಕೆಯನ್ನೂ ತುಂಬಿದ ಕೊಟ್ಟಿಗೆಯ ಮೂಲೆಯೊಂದನ್ನು ಗುತ್ತಿಗೆದಾರನಿಗೆ ಕೊಡುವವರು ಈ ಹಡಗನ್ನು ಜ್ಞಾಪಕದಲ್ಲಿಡಬೇಕು.

ಕರ್ನಾಟಕದಲ್ಲಿಯೂ 2021ನೆಯ ವರ್ಷದ ಆರಂಭದ ಎರಡು ದುರ್ಘಟನೆಗಳು ಜನರ ನೆನಪಿನಿಂದ ಮಾಸಿಲ್ಲ. ಜನವರಿ 21 ರ ರಾತ್ರಿ ಶಿವಮೊಗ್ಗದ ಸಮೀಪದ ಹುಣಸೋಡಿನ ಕ್ರಷರ್ ಬಳಿ ಲಾರಿಯಲ್ಲಿದ್ದ ಮದ್ದು ಸಿಡಿದು ಐವರಿಗೆ ಕಡಮೆಯಿಲ್ಲದ ಪ್ರಾಣಹಾನಿಯಾಯಿತು. ನೆರೆಯ ಜಿಲ್ಲೆಗಳವರು ಭೂಕಂಪವೆಂದು ಭಾವಿಸಿ ಬೀದಿಗೆ ಬಂದರು. ಅದಾಗಿ ತಿಂಗಳು ಕಳೆದೊಡನೆ, ಫೆಬ್ರವರಿ 23 ರಂದು, ಚಿಕ್ಕಬಳ್ಳಾಪುರ ಜಿಲ್ಲೆಯ ಹಿರೇನಾಗವಲ್ಲಿಯಲ್ಲಿ ಆರು ಜನರು ಸತ್ತರು. ಅಲ್ಲಿ ಪೊಲೀಸರ ಶೋಧನೆಗೆ ಅಂಜಿ ಬಚ್ಚಿಟ್ಟಿದ್ದ ಜಿಲೆಟಿನ್ ಕಡ್ಡಿಗಳನ್ನು ಗುಟ್ಟಾಗಿ ವಿಲೇವಾರಿ ಮಾಡಲು ಹೋದಾಗ ಅದು ನಡೆಯಿತೆಂದು ವರದಿಯಾಯಿತು. ಇವೆರಡನ್ನೂ ಶಾಖದ ತಲೆಗೆ ಕಟ್ಟುವುದು ಸರಿಯಲ್ಲ. ಆದರೆ ಮುಖ್ಯಾಂಶವು ಬೇರೆ: ಬಚ್ಚಿಟ್ಟ ಮದ್ದಿಗೆ ಪರೀಕ್ಷೆಯೆಂಬುದೇ ಇಲ್ಲ. ಅದು ಎಂದು ತಯಾರಾಯಿತು, ಎಷ್ಟು ಬೇಸಿಗೆ ಕಂಡಿತು, ಯಾವುದರ ಜತೆಗಿತ್ತು ಎಂಬುದನ್ನು ಬಲ್ಲವರು ಯಾರೂ ಇರುವುದಿಲ್ಲ. ಯಾವ ಪ್ರಯೋಗಶಾಲೆಯ ಉಪಕರಣವೂ ಅಟ್ಟದ ಮೇಲಿನ ಡಬ್ಬಿಯವರೆಗೆ ಬರಲಾರದು.

ಶಾಸನದ ಕೊರತೆಯಿಂದ ಇದು ಹೀಗಾಗಿದೆಯೆಂದು ಹೇಳುವಂತಿಲ್ಲ. ಸಿಡಿಮದ್ದುಗಳ ಕಾನೂನು 1884ರಷ್ಟು ಹಳೆಯದು. ಅದರ ಅಡಿಯಲ್ಲಿ 2008ರ ನಿಯಮಗಳಿವೆ. ನೂರಕ್ಕೆ 45 ಕ್ಕಿಂತ ಹೆಚ್ಚು ಅಮೋನಿಯಂ ನೈಟ್ರೇಟ್ ಉಳ್ಳ ಮಿಶ್ರಣಗಳನ್ನು 2011ರಲ್ಲಿ ಸಿಡಿಮದ್ದಿನ ವರ್ಗಕ್ಕೆ ಸೇರಿಸಿ, 2012ರಲ್ಲಿ ಅವುಗಳಿಗೆ ಪ್ರತ್ಯೇಕ ನಿಯಮಗಳನ್ನು ಮಾಡಲಾಯಿತು. ನೈಟ್ರೇಟನ್ನು ಬೇರ್ಪಡಿಸಲಾಗದ ಗೊಬ್ಬರಗಳಿಗೆ ಮಾತ್ರ ಅದರಲ್ಲಿ ವಿನಾಯಿತಿಯುಂಟು. ಪರವಾನಿಗೆ, ಮದ್ದಿನ ಮನೆಯ ಕಟ್ಟಡ, ಮನೆ ರಸ್ತೆಗಳಿಂದ ಇರಬೇಕಾದ ದೂರ, ದಾಸ್ತಾನಿನ ಲೆಕ್ಕ ಇವೆಲ್ಲವನ್ನೂ ನಾಗಪುರದಲ್ಲಿ ಮುಖ್ಯ ಕಚೇರಿಯುಳ್ಳ ಪೆಟ್ರೋಲಿಯಂ ಮತ್ತು ಸಿಡಿಮದ್ದು ಸುರಕ್ಷತಾ ಸಂಸ್ಥೆಯು ನೋಡಿಕೊಳ್ಳುತ್ತದೆ. ಆದರೆ ನಾಗಪುರದಿಂದ ಚಿಂಚೋಳಿಯ ಹೊಲದ ಕೊಟ್ಟಿಗೆ ಕಾಣಿಸುವುದಿಲ್ಲ. ಅದು ಕಾಣಿಸುವುದು ಊರಿನ ಗೌಡರಿಗೆ, ಪಾಟೀಲರಿಗೆ, ಪಂಚಾಯತಿಯ ಅಧ್ಯಕ್ಷರಿಗೆ. ಯಾವ ಹೊಲದ ಕೊಟ್ಟಿಗೆಗೆ ಹೊಸದಾಗಿ ಬೀಗ ಬಿದ್ದಿದೆ, ಯಾವ ಲಾರಿಯು ರಾತ್ರಿ ಮಾತ್ರ ಬರುತ್ತದೆ ಎಂಬುದು ಅವರಿಗೆ ತಿಳಿಯದೆ ಇರುವುದೇ ಇಲ್ಲ. ತಿಳಿದೂ ಸುಮ್ಮನಿರುವುದಕ್ಕೆ ದಾಕ್ಷಿಣ್ಯವೊಂದೇ ಕಾರಣ.

ದಾಕ್ಷಿಣ್ಯಕ್ಕೆ ಆಧಾರವಿಲ್ಲದಿಲ್ಲ. ಗಣಿಯಿಂದ ಊರಿನ ಎಷ್ಟೋ ಮನೆಗಳ ಒಲೆ ಉರಿಯುತ್ತದೆ; ತೊಗರಿಯ ಬೆಲೆ ಬಿದ್ದ ವರ್ಷ ಕೊಟ್ಟಿಗೆಯ ಬಾಡಿಗೆಯು ಭೂಮಾಲಿಕನಿಗೆ ಕೈಹಿಡಿದಂತಾಗುತ್ತದೆ. ಗುತ್ತಿಗೆದಾರನು ಅನೇಕವೇಳೆ ಅದೇ ಊರಿನ ಬಂಧುವೇ. ಇವುಗಳನ್ನೆಲ್ಲ ಅಲ್ಲಗಳೆದು ಗಣಿಯನ್ನೇ ಮುಚ್ಚಿಸಬೇಕೆಂಬ ಮಾತು ಇಲ್ಲಿಲ್ಲ. ಬಾಡಿಗೆ ಕೊಡುವ ಮೊದಲು ಪರವಾನಿಗೆಯ ನಕಲನ್ನೂ, ಅದರಲ್ಲಿ ನಮೂದಾದ ಸ್ಥಳದ ಸರ್ವೆ ನಂಬರನ್ನೂ ಕೇಳಿ ನೋಡುವುದರಲ್ಲಿ ಯಾರಿಗೂ ಅವಮಾನವಿಲ್ಲ. ಪರವಾನಿಗೆ ಇರುವುದು ಒಂದು ಸ್ಥಳಕ್ಕೆ, ಮಾಲು ಇರುವುದು ಇನ್ನೊಂದರಲ್ಲಿ ಎಂದಾದರೆ ಆ ಬಾಡಿಗೆಯನ್ನು ಬಿಡುವುದೇ ಕ್ಷೇಮ. ಪರವಾನಿಗೆಯುಳ್ಳವನಾದರೂ ಪೆಟ್ಟಿಗೆಯ ಮೇಲೆ ಅಚ್ಚಾದ ತಯಾರಿಕೆಯ ತಾರೀಖನ್ನು ತೋರಿಸಲು ಹಿಂಜರಿದರೆ ಅನುಮಾನಿಸುವುದು ತಪ್ಪಲ್ಲ. ಹಳೆಯದನ್ನು ಮೊದಲು ಖರ್ಚುಮಾಡಿ ಹೊಸದನ್ನು ಅನಂತರ ತೆಗೆಯುವ ಪದ್ಧತಿಯು ಬೀಜದ ಉಗ್ರಾಣದಲ್ಲಿ ಎಷ್ಟು ಮುಖ್ಯವೋ ಮದ್ದಿನ ಮನೆಯಲ್ಲಿ ಅದಕ್ಕಿಂತ ಹೆಚ್ಚು ಮುಖ್ಯ.

ಮದ್ದಿನ ಮನೆಯ ಸುತ್ತಣ ಹುಲ್ಲಿನ ವಿಷಯವೂ ಭೂಮಾಲಿಕರದೇ. ರಾಜಸ್ಥಾನದ ಭರತಪುರದಲ್ಲಿ 2000ನೆಯ ಇಸವಿಯ ಏಪ್ರಿಲ್ 28 ರಂದು ಸೈನ್ಯದ ಮದ್ದಿನ ಉಗ್ರಾಣವು ಸಿಡಿದುದಕ್ಕೆ ಒಣಹುಲ್ಲಿಗೆ ಹತ್ತಿದ ಬೆಂಕಿಯೇ ನಾಂದಿಯಾಯಿತು. ತೊಗರಿ ಕಟ್ಟಿಗೆಯನ್ನೂ ಕೂಳೆಯನ್ನೂ ಹೊಲದಲ್ಲಿಯೇ ಸುಡುವ ಅಭ್ಯಾಸವಿರುವ ಕಡೆ, ಗಣಿಯ ಬೇಲಿಯ ಆಚೆಯ ಹೊಲದವನು ಏನು ಮಾಡುತ್ತಾನೆಂಬುದರ ಮೇಲೆ ಬೇಲಿಯ ಈಚೆಯವರ ಪ್ರಾಣವು ನಿಂತಿರುತ್ತದೆ. ಕೂಳೆ ಸುಡುವುದು ಮಣ್ಣಿಗೂ ಒಳ್ಳೆಯದಲ್ಲವೆಂಬುದನ್ನು ಈ ಪತ್ರಿಕೆಯು ಬೇರೆ ಸಂದರ್ಭಗಳಲ್ಲಿ ಹೇಳುತ್ತಲೇ ಬಂದಿದೆ.

ಬಾವಿಯ ಕೆಲಸದಲ್ಲಿ ಉಳಿದ ಕಡ್ಡಿಗಳ ಪ್ರಶ್ನೆಯು ಎಲ್ಲಕ್ಕಿಂತ ಸೂಕ್ಷ್ಮವಾದುದು. ಅವನ್ನು ಇಟ್ಟುಕೊಂಡವನು ಕಳ್ಳನಲ್ಲ, ಹಣ ಕೊಟ್ಟ ವಸ್ತುವನ್ನು ಬಿಸಾಡಲು ಮನಸ್ಸು ಬಾರದ ಸಾಮಾನ್ಯ ಒಕ್ಕಲಿಗ. ವರ್ಷಗಳು ಕಳೆದ ಮೇಲೆ ಪೊಲೀಸರಿಗೆ ಹೇಳಿದರೆ ತನ್ನ ಮೇಲೆಯೇ ಮೊಕದ್ದಮೆ ಬಂದೀತೆಂದು ಅವನು ಅಂಜುತ್ತಾನೆ. ಅಂಜಿಕೆ ನಿರಾಧಾರವೂ ಅಲ್ಲ. ಆಗ ಅವನು ಹಳ್ಳಕ್ಕೆ ಎಸೆಯುತ್ತಾನೆ, ಹೊಲದಲ್ಲಿ ಹೂಳುತ್ತಾನೆ, ಅಥವಾ ಬೆಂಕಿಗೆ ಹಾಕುತ್ತಾನೆ. ಮೂರೂ ಹಿರೇನಾಗವಲ್ಲಿಯ ದಾರಿಯೇ. ಇಂಥವನಿಗೆ ಊರಿನ ಮುಖಂಡನು ಜತೆಯಾಗಿ ನಿಂತು, ವಸ್ತುವನ್ನು ಕೈಯಿಂದ ಮುಟ್ಟದೆ ಇದ್ದಲ್ಲಿಯೇ ಬಿಟ್ಟು, ಠಾಣೆಗೆ ತಾನೇ ಬರೆದು ತಿಳಿಸಿದರೆ ಬಹಳ ಉಪಕಾರವಾದೀತು. ಜಿಲ್ಲೆಯ ಅಧಿಕಾರಿಗಳು ವರ್ಷಕ್ಕೊಮ್ಮೆ, ಮಾಘ ಫಾಲ್ಗುಣಗಳಲ್ಲಿ ಬಿಸಿಲೇರುವ ಮೊದಲು, ಸ್ವಯಂ ಒಪ್ಪಿಸಿದವರನ್ನು ದಂಡಿಸದೆ ಹಳೆಯ ಮದ್ದನ್ನು ಸ್ವೀಕರಿಸಿ ತಜ್ಞರಿಂದ ನಾಶಮಾಡಿಸುವ ಏರ್ಪಾಡನ್ನು ಮಾಡಬೇಕೆಂಬುದು ಇಲ್ಲಿಯ ಸ್ಪಷ್ಟವಾದ ಅಭಿಪ್ರಾಯ. ಬಚ್ಚಿಟ್ಟವನನ್ನು ಹಿಡಿದ ಕೀರ್ತಿಗಿಂತ ಬಚ್ಚಿಟ್ಟುದನ್ನು ಹೊರತೆಗೆದ ಲಾಭವು ದೊಡ್ಡದು. ಜೋಳದ ರಾಶಿಯು ಮುಗಿದು ಬಣವೆಗಳು ಏಳುವ ಕಾಲವೂ ಅದೇ ಆದುದರಿಂದ ಬಣವೆಗೆ ಸಲಾಕೆ ಹಾಕುವ ವಾರದಲ್ಲಿಯೇ ಅಟ್ಟ, ಕೊಟ್ಟಿಗೆ, ಪಂಪಿನ ಮನೆಗಳನ್ನೂ ಒಮ್ಮೆ ನೋಡಿಬಿಡಬಹುದು.

ಇಷ್ಟಾದರೂ ಎಲ್ಲಿಯಾದರೂ ಅಮೋನಿಯಂ ನೈಟ್ರೇಟಿನ ಚೀಲಗಳಿರುವ ಕೊಟ್ಟಿಗೆಗೆ ಬೆಂಕಿ ಬಿದ್ದರೆ ಮಾಡತಕ್ಕದ್ದೇನೆಂಬುದನ್ನು ಮೊದಲೇ ತಿಳಿದಿರಬೇಕು. ಅಮೆರಿಕದ ಟೆಕ್ಸಾಸ್ ಸಿಟಿ ಬಂದರಿನಲ್ಲಿ 1947ರ ಏಪ್ರಿಲ್ 16 ರಂದು ‘ಗ್ರಾಂಡ್‌ಕ್ಯಾಂಪ್’ ಹಡಗಿನೊಳಗಿನ ಸುಮಾರು 2,300 ಟನ್ ಅಮೋನಿಯಂ ನೈಟ್ರೇಟಿಗೆ ಬೆಂಕಿ ಹತ್ತಿದಾಗ, ನೀರು ಸುರಿದರೆ ಮಾಲು ಕೆಡುವುದೆಂದು ಹಡಗಿನ ಬಾಯಿಗಳನ್ನು ಮುಚ್ಚಿ ಒಳಕ್ಕೆ ಉಗಿಯನ್ನು ಬಿಟ್ಟರು. ಗಾಳಿ ತಡೆದರೆ ಬೆಂಕಿ ಆರೀತೆಂಬುದು ಅವರ ಎಣಿಕೆ. ಆಮ್ಲಜನಕವು ಮಾಲಿನೊಳಗೇ ಇದ್ದುದರಿಂದ ಬೆಂಕಿ ಆರಲಿಲ್ಲ. ಉಗಿಯ ಬಿಸಿಯೂ ಸೇರಿ ಹಡಗು ಸಿಡಿಯಿತು. ದಡದಲ್ಲಿ ನಿಂತು ನೋಡುತ್ತಿದ್ದವರೂ ಸೇರಿ 580 ಕ್ಕೂ ಹೆಚ್ಚು ಜನರು ಸತ್ತರು. ಆದಕಾರಣ ಇಂಥ ಬೆಂಕಿಯನ್ನು ಮಣ್ಣು, ಗೋಣಿಗಳಿಂದ ಮುಚ್ಚಲು ಹೋಗಕೂಡದು, ಬಾಗಿಲು ಹಾಕಕೂಡದು. ಬೆಂಕಿ ಇನ್ನೂ ಚೀಲಗಳನ್ನು ಮುಟ್ಟದೆ ಸಣ್ಣದಾಗಿದ್ದರೆ ಮಾತ್ರ ಹೇರಳವಾಗಿ ನೀರು ಹೊಡೆಯಬಹುದು. ಚೀಲಗಳಿಗೆ ತಾಗಿದ್ದರೆ, ಕಂದು ಅಥವಾ ಕಿತ್ತಳೆ ಬಣ್ಣದ ಹೊಗೆ ಎದ್ದರೆ, ಅಥವಾ ಒಳಗೆ ಕಡ್ಡಿ ಕೇಪುಗಳಿವೆಯೆಂದು ತಿಳಿದರೆ, ನಂದಿಸುವ ಪ್ರಯತ್ನವನ್ನು ಬಿಟ್ಟು, ದನಕರುಗಳ ಹಗ್ಗ ಕೊಯ್ದು, ನೋಡಲು ನೆರೆದವರನ್ನು ಮೊದಲು ಚದುರಿಸಿ, ಸಾಧ್ಯವಾದಷ್ಟು ದೂರಕ್ಕೆ ಗಾಳಿಗೆ ಎದುರಾದ ದಿಕ್ಕಿನಲ್ಲಿ ಹೋಗತಕ್ಕದ್ದು. ಅಲ್ಲಿಂದ 112 ಸಂಖ್ಯೆಗೆ ಕರೆಮಾಡಿ, ಕೊಟ್ಟಿಗೆಯಲ್ಲಿ ಏನಿದೆಯೆಂಬುದನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಹುಲ್ಲಿನ ಬೆಂಕಿಯೆಂದು ನಂಬಿ ಬರುವ ಅಗ್ನಿಶಾಮಕ ಸಿಬ್ಬಂದಿಯವರು ನೇರವಾಗಿ ಬಾಗಿಲಿಗೇ ಹೋಗಿ ನಿಲ್ಲುತ್ತಾರೆ.